ಐವತ್ತು ಕಿಲೋ ಭಾರಕ್ಕೊಂದು ಗಾಡಿ

ಧಾರವಾಡ ದಾಟಿ ಬೆಳಗಾವಿಯ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಭಾರ ಎತ್ತುವ, ಭಾರ ಸಾಗಿಸುವ ಯಂತ್ರಗಳೇ ಇಲ್ಲಿನ ಮುಖ್ಯ ಕಸುಬು. ಟಾಟಾ ಸಂಸ್ಥೆ ಬ್ರೆಜಿಲಿನ ಮಾರ್ಕೊಪೋಲೊ ಜೊತೆ ಸೇರಿ ಆರಂಭಿಸಿದ ಕಾರ್ಖಾನೆಯಲ್ಲಿ ಬಸ್ಸುಗಳು ರೂಪುಗೊಳ್ಳುತ್ತವೆ. ಟಾಟಾ ಹಿಟಾಚಿಯ ಅಂಗಳದಿಂದ ಮಣ್ಣು ಅಗೆಯುವ ಯಂತ್ರಗಳು ಹೊರಡುತ್ತವೆ. ಟಾಟಾ ಮೋಟರ್ಸ್‌ನ ಧಾರವಾಡ ಘಟಕ ಏಸ್ ಜಿಪ್ ಎಂಬ ಪುಟ್ಟ ಸರಕು ವಾಹನವನ್ನೂ ತಯಾರಿಸಿದೆ. ಅದು ಸುಮಾರು 600 ಕಿಲೋ ಹೊರುತ್ತದೆ. ನಮ್ಮ ಎಂಜಿನಿಯರುಗಳ ಲೆಕ್ಕದಲ್ಲಿ ‘ಸಣ್ಣ ಭಾರ’ ಅಂದರೆ ಹೆಚ್ಚು ಕಡಿಮೆ ಇಷ್ಟು. ಆದರೆ ಇದೇ ಕಾಂಪೌಂಡಿನ ಆಚೆ, ಬೇಲೂರು, ಮುಮ್ಮಿಗಟ್ಟಿ, ಕೋಟೂರಿನಂಥ ಹಳ್ಳಿಗಳಲ್ಲಿ ದಿನ ಬೆಳಗಾದರೆ ಸಾಗಿಸಬೇಕಾದ ಭಾರ 600 ಕಿಲೋದ್ದಲ್ಲ. ಅದು ಒಂದು ಹೊರೆ ಹಸಿ ಮೇವು, ಎರಡು ಕೊಡ ನೀರು, ಒಂದು ಬುಟ್ಟಿ ಗೊಬ್ಬರ, ಒಂದು ಸಿವುಡು ಕಣಿಕೆ. ಇಪ್ಪತ್ತರಿಂದ ಐವತ್ತು ಕಿಲೋ ತೂಗುವ ಈ ಭಾರಕ್ಕೆ ಯಾವ ಕಾರ್ಖಾನೆಯೂ ಗಾಡಿ ಮಾಡಿಲ್ಲ. ಆ ಗಾಡಿಯನ್ನು ಮಾಡಬೇಕು, ಅದನ್ನು ಎಳೆಯಲು ಆಡುಗಳನ್ನು ಪಳಗಿಸುವ ವಿದ್ಯೆಯನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಗಂಭೀರವಾಗಿ ಕೈಗೆತ್ತಿಕೊಳ್ಳಬೇಕು ಎಂಬುದು ಈ ಬರಹದ ವಾದ. ಆಡು ಗಾಡಿ ಎಳೆಯುವುದೆಂದರೆ ಜಾತ್ರೆಯ ಆಟ ಎಂದು ತಟ್ಟನೆ ನಗು ಬರಬಹುದು. ಆ ನಗುವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಈಗ ಈ ಭಾರವನ್ನು ಹೊರುತ್ತಿರುವವರು ಯಾರು ಎಂಬುದರಿಂದಲೇ ಲೆಕ್ಕ ಶುರುವಾಗಬೇಕು. ಚಕ್ಕಡಿ ಇದ್ದವರ ಮನೆಯಲ್ಲೂ ಒಂದು ಹೊರೆ ಮೇವಿಗೆಂದು ಯಾರೂ ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರನ್ನಂತೂ ತೆಗೆಯುವುದೇ ಇಲ್ಲ. ಅದು ಮನೆಯ ಹೆಣ್ಣುಮಗಳ ತಲೆಯ ಮೇಲೆ ಬರುತ್ತದೆ. ಕುತ್ತಿಗೆ, ಬೆನ್ನುಹುರಿ, ಮಂಡಿ ಸವೆಯುವುದು ವರ್ಷಗಳ ಮೇಲೆ ತಿಳಿಯುವ ಸಂಗತಿಯಾದ್ದರಿಂದ ಅದನ್ನು ಯಾರೂ ಖರ್ಚಿನ ಬಾಬ್ತಿನಲ್ಲಿ ಬರೆದುಕೊಳ್ಳುವುದಿಲ್ಲ. ಬೇಲೂರಿನ ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟ ಕಾರ್ಮಿಕರಿಗೆ 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು ರಕ್ಷಣೆ ಕೊಟ್ಟಿತ್ತು: ಮೈಗೆ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸುವಂತಿಲ್ಲ ಎಂದು ಅದು ವಿಧಿಸಿತ್ತು. ರಸ್ತೆಯಲ್ಲಿ ಹೋಗುವ ಎತ್ತಿಗೂ ಕಾನೂನಿನ ರಕ್ಷಣೆಯಿದೆ. 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ, ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳು ಎತ್ತು, ಕೋಣ, ಕುದುರೆ, ಹೇಸರಗತ್ತೆ, ಒಂಟೆಗಳಿಗೆ ಕಿಲೋ ಲೆಕ್ಕದಲ್ಲಿ ಭಾರದ ಮಿತಿ ಹಾಕಿವೆ. ಗೇಟಿನ ಹೊರಗೆ, ಗಾಡಿಯ ಪಕ್ಕದಲ್ಲಿ, ತಲೆಯ ಮೇಲೆ ಮೂವತ್ತು ಕಿಲೋ ಹೊತ್ತು ನಡೆಯುವ ಹೆಂಗಸಿಗೆ ಮಾತ್ರ ಯಾವ ಕೋಷ್ಟಕವೂ ಇಲ್ಲ. ಆಡಿನ ಗಾಡಿಯನ್ನು ಹೋಲಿಸಿ ನೋಡಬೇಕಾದ್ದು ಟೆಂಪೊ ಜೊತೆ ಅಲ್ಲ, ಈ ತಲೆಹೊರೆಯ ಜೊತೆ. ಅದನ್ನು ಮರೆತರೆ ಮುಂದಿನ ಎಲ್ಲ ಲೆಕ್ಕವೂ ದಾರಿ ತಪ್ಪುತ್ತದೆ.

ಆಡಿಗೆ ಭಾರದ ಕೆಲಸ ಹೊಸತೇನೂ ಅಲ್ಲ. ಹಿಮಾಲಯದ ಕಣಿವೆಗಳಲ್ಲಿ ಟಿಬೆಟ್ಟಿನ ಉಪ್ಪು ಕೆಳಕ್ಕೆ, ಬಯಲಿನ ಧಾನ್ಯ ಮೇಲಕ್ಕೆ ಸಾಗಿದ್ದು ಬಹುಮಟ್ಟಿಗೆ ಕುರಿ ಮತ್ತು ಆಡುಗಳ ಬೆನ್ನ ಮೇಲೆ. ಒಂದೊಂದರ ಮೈಮೇಲೆ ಎರಡೂ ಪಕ್ಕಕ್ಕೆ ಇಳಿಬಿದ್ದ ಸಣ್ಣ ಚೀಲ. ನೂರಾರು ಆಡುಗಳ ಹಿಂಡೇ ಒಂದು ವ್ಯಾಪಾರದ ತಂಡ. ಕುದುರೆ ಹತ್ತದ ದಾರಿಯನ್ನು ಅವು ಹತ್ತುತ್ತಿದ್ದವು, ದಾರಿಬದಿಯ ಮೇವನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು. ಯುರೋಪು, ಅಮೆರಿಕಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಆಡಿನ ಗಾಡಿ ರೂಢಿಯಲ್ಲಿತ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವು ಓಡಾಡುತ್ತಿದ್ದವು. ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಮೊಮ್ಮಕ್ಕಳ ಗಾಡಿಯನ್ನು ಶ್ವೇತಭವನದ ಆವರಣದಲ್ಲಿ ಎಳೆದದ್ದೂ ಒಂದು ಹೋತವೇ. ಮಕ್ಕಳ ಆಟದ ಗಾಡಿಗೆ ನನ್ನ ವಾದದಲ್ಲಿ ಹೆಚ್ಚಿನ ಬೆಲೆಯಿಲ್ಲ. ಆದರೆ ಒಂದು ಸಂಗತಿಯನ್ನು ಅದು ಸಾಬೀತು ಮಾಡುತ್ತದೆ: ಸರಿಯಾಗಿ ಪಳಗಿಸಿದ ಆಡು ಜನಜಂಗುಳಿಯ ನಡುವೆಯೂ ಪಟ್ಟಿ ಕಟ್ಟಿಸಿಕೊಂಡು, ಮಾತು ಕೇಳಿ, ನಿಂತು, ತಿರುಗಿ ನಡೆಯುತ್ತದೆ. ಹಾಗಾದರೆ ಬಾಕಿ ಉಳಿಯುವ ಪ್ರಶ್ನೆ ಎಷ್ಟು ಎಳೆಯಬಲ್ಲದು, ಎಲ್ಲಿ ಎಳೆಯಬಲ್ಲದು ಎಂಬುದು.

ಈ ಪ್ರಶ್ನೆಗೆ ಉತ್ತರ ಪ್ರಾಣಿಯ ಮೈಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಗಾಡಿಯಲ್ಲಿದೆ. ಮೇಲೆ ಹೇಳಿದ 1965ರ ನಿಯಮಗಳನ್ನೇ ನೋಡಿ. 350 ಕಿಲೋ ಮೀರಿದ ದೊಡ್ಡ ಎತ್ತು ಬೆನ್ನ ಮೇಲೆ ಹೊರಬಹುದಾದ ಹೇರು 175 ಕಿಲೋ. ಅದೇ ಎತ್ತು ಹವಾ ತುಂಬಿದ ಟೈರಿಲ್ಲದ ಎರಡು ಗಾಲಿಯ ಗಾಡಿಯಲ್ಲಿ 900 ಕಿಲೋ ಎಳೆಯಬಹುದು, ಟೈರಿದ್ದರೆ 1350, ಬಾಲ್ ಬೇರಿಂಗ್ ಇದ್ದರೆ 1800. ಎತ್ತು ಅದೇ, ಅದರ ಹೆಗಲು ಅದೇ, ತಿನ್ನುವ ಮೇವೂ ಅದೇ. ನಡುವೆ ಬಂದದ್ದು ಗಾಲಿ, ಟೈರು, ಬೇರಿಂಗು. ಹೇರಿನಿಂದ ಗಾಡಿಗೆ ಬರುವ ಹೊತ್ತಿಗೆ ಭಾರ ಹತ್ತು ಪಟ್ಟು ಹೆಚ್ಚುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡು ಅಚ್ಚು ಹಾಕಿಸಿದೆ. ನಮ್ಮ ಸೀಮೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗು ಹತ್ತಿ, ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. ಘಟ್ಟದ ರಸ್ತೆಗಳು ಆಗುವ ಮುಂಚೆ ಅದನ್ನು ಸಾಗಿಸಿದ್ದು ಹೇರೆತ್ತುಗಳು. ರಸ್ತೆ ಬಂದ ಮೇಲೆ ಚಕ್ಕಡಿಗಳು ಬಂದವು. ಪ್ರಾಣಿಯ ಶಕ್ತಿ ಹೆಚ್ಚಲಿಲ್ಲ, ಅದು ಪೋಲಾಗುವುದು ಕಡಿಮೆಯಾಯಿತು.

ಈ ಮಾತನ್ನು ದೇಶಕ್ಕೆ ಬಿಡಿಸಿ ಹೇಳಿದವರು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರೊಬ್ಬರು ಎತ್ತಿನ ಗಾಡಿಯ ಹಿಂದೆ ಬಿದ್ದಿದ್ದಾರೆ ಎಂದು ಆಗಲೂ ಹಲವರು ನಕ್ಕಿದ್ದರು. ರಾಮಸ್ವಾಮಿಯವರ ವಾದ ಸರಳವಾಗಿತ್ತು. ಆಗ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಗಾಡಿಗಳಿದ್ದವು. ಅವುಗಳ ನೊಗ ಎತ್ತಿನ ಹೆಗಲ ಮೇಲೆ ಸಣ್ಣ ಜಾಗದಲ್ಲಿ ಒತ್ತಿ ಹುಣ್ಣು ಮಾಡುತ್ತದೆ. ಗಾಡಿಯ ತೂಕ ಸಮತೋಲ ತಪ್ಪಿ ಕುತ್ತಿಗೆಯ ಮೇಲೆ ಬೀಳುತ್ತದೆ. ಒರಟು ಅಚ್ಚಿನಲ್ಲಿ ಗಾಲಿ ತಿರುಗುವಾಗ ಶಕ್ತಿ ಹಾಳಾಗುತ್ತದೆ. ಹಗುರ ಗಾಡಿ, ನುಣುಪು ಬೇರಿಂಗು, ಅಗಲವಾಗಿ ಒತ್ತುವ ನೊಗ ಕೊಟ್ಟರೆ ಪ್ರಾಣಿಯ ನೋವೂ ಇಳಿಯುತ್ತದೆ, ರೈತನ ಆದಾಯವೂ ಏರುತ್ತದೆ. ಇದಕ್ಕಾಗಿ ಅವರು ಕಾರ್ಟ್‌ಮನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಆ ಕಳಕಳಿ ಎತ್ತಿಗೆ ಸೀಮಿತವಾಗಿ ಉಳಿಯಬೇಕಾಗಿಲ್ಲ. ಎತ್ತು ಸಾಕಲಾಗದ, ಭೂಮಿ ಇಲ್ಲದ ಮನೆಯಲ್ಲಿ ಇರುವ ಪ್ರಾಣಿ ಆಡು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿವೆ. ಅವುಗಳಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರ, ಕೂಲಿಕಾರರ, ಅದರಲ್ಲೂ ಹೆಂಗಸರ ಕೈಯಲ್ಲಿ ಇವೆ. ತಲೆಹೊರೆ ಹೊರುವ ಕೈ ಮತ್ತು ಆಡು ಸಾಕುವ ಕೈ ಹೆಚ್ಚಾಗಿ ಒಂದೇ.

ಈಗ ಅಂಕಿಗೆ ಬರೋಣ. ವಿದೇಶಿ ಕೈಪಿಡಿಗಳು ಆಡು ತನ್ನ ಮೈತೂಕದ ಒಂದೂವರೆಯಿಂದ ಎರಡು ಪಟ್ಟು ಭಾರವನ್ನು ಗಾಲಿಯ ಮೇಲೆ ಎಳೆಯುತ್ತದೆ ಎನ್ನುತ್ತವೆ. ಅದನ್ನು ಹಾಗೇ ನಂಬಿ ಇಲ್ಲಿ ತಂದು ಇಳಿಸುವುದು ತಪ್ಪು. ಅಲ್ಲಿನ ಸಾನೆನ್, ಆಲ್ಪೈನ್ ತಳಿಯ ಬೀಜ ಒತ್ತಿಸಿದ ಹೋತ 80ರಿಂದ 100 ಕಿಲೋ ತೂಗಬಲ್ಲದು. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಣುವ ಉಸ್ಮಾನಾಬಾದಿಯ ಬೆಳೆದ ಗಂಡು 35 ಕಿಲೋ ಆಸುಪಾಸು. ಆದ್ದರಿಂದ ಲೆಕ್ಕವನ್ನು ಬುಡದಿಂದ ಹಾಕಬೇಕು. ಎಳೆಯುವ ಪ್ರಾಣಿ ದಣಿಯದೆ ಬಹಳ ಹೊತ್ತು ಹಾಕಬಲ್ಲ ಎಳೆತ ಮೈತೂಕದ ಹತ್ತನೆಯ ಒಂದು ಭಾಗ ಎಂಬುದು ಎತ್ತುಗಳ ವಿಷಯದಲ್ಲಿ ಬಳಕೆಯಲ್ಲಿರುವ ಸುರಕ್ಷಿತ ಅಂದಾಜು. ಅದನ್ನೇ ಹಿಡಿದರೆ 35 ಕಿಲೋದ ಎರಡು ಹೋತಗಳ ಜೋಡಿಗೆ ಸಿಗುವುದು 7 ಕಿಲೋ ಎಳೆತ. ಗಾಡಿ 20 ಕಿಲೋ, ಸರಕು 50 ಕಿಲೋ, ಒಟ್ಟು 70 ಕಿಲೋ ಎಂದುಕೊಳ್ಳಿ. ಹವಾ ಟೈರಿನ ಗಾಲಿ ಡಾಂಬರು ರಸ್ತೆಯಲ್ಲಿ ಉರುಳಲು ತೂಕದ ನೂರಕ್ಕೆ ಎರಡರಷ್ಟು ಎಳೆತ ಸಾಕು, ಅಂದರೆ ಒಂದೂವರೆ ಕಿಲೋಗೂ ಕಡಿಮೆ. ಗಟ್ಟಿ ಮಣ್ಣಿನ ಬಂಡಿದಾರಿಯಲ್ಲಿ ನೂರಕ್ಕೆ ಐದರಷ್ಟು ಹಿಡಿದರೆ ಮೂರೂವರೆ ಕಿಲೋ. ಅದೇ ದಾರಿ ನೂರು ಮೀಟರಿಗೆ ಐದು ಮೀಟರು ಏರಿದರೆ ಇನ್ನೂ ಮೂರೂವರೆ ಕಿಲೋ ಸೇರುತ್ತದೆ. ಒಟ್ಟು ಏಳು. ಮಿತಿ ಅಲ್ಲಿಗೆ ಮುಗಿಯಿತು. ಧಾರವಾಡದ ಏರಿಳಿತದ ನೆಲದಲ್ಲಿ ಜೋಡಿ ಆಡಿಗೆ 50 ಕಿಲೋ, ಅರ್ಧ ತೂಕದ ಗಾಡಿ ಎಳೆಯುವ ಒಂಟಿ ಆಡಿಗೆ 25 ಕಿಲೋ ಎಂಬ ಮಿತಿ ಹೀಗೆ ಹುಟ್ಟುತ್ತದೆ. ಇದು ಕಾಗದದ ಮೇಲಿನ ಗಣಿತ. ಹೊಲದಲ್ಲಿ ಅಳೆದು ತಿದ್ದಬೇಕಾದದ್ದು. ಆದರೆ ತಲೆಹೊರೆಯ ಜಾಗಕ್ಕೆ ಬರಲು ಬೇಕಾದ ಅಳತೆ ಸರಿಯಾಗಿ ಇಷ್ಟೇ ಎಂಬುದನ್ನು ಗಮನಿಸಿ. ಎರಡು ಕೊಡ ನೀರು, ಒಂದು ಹೊರೆ ಮೇವು ಈ ಮಿತಿಯೊಳಗೆ ನೆಮ್ಮದಿಯಾಗಿ ಕೂರುತ್ತವೆ.

ಇಷ್ಟು ಎಳೆತವನ್ನು ಆಡಿನ ಮೈಯಿಂದ ನೋವಿಲ್ಲದೆ ಪಡೆಯುವುದು ಕಟ್ಟುವ ಪಟ್ಟಿಯ ಮೇಲೆ ನಿಂತಿದೆ. ಇಲ್ಲಿ ಎತ್ತಿನ ಅನುಭವ ನಮಗೆ ಸಹಾಯಕ್ಕೆ ಬರುವುದಿಲ್ಲ. ಎತ್ತಿಗೆ ಹಿಣಲಿದೆ, ನೊಗ ಅದಕ್ಕೆ ಆತು ನಿಲ್ಲುತ್ತದೆ. ಆಡಿನ ಕುತ್ತಿಗೆ ಸಣ್ಣ, ಮೇಲ್ಭಾಗ ಚಪ್ಪಟೆ. ನೊಗವಿಟ್ಟರೆ ಜಾರುತ್ತದೆ, ಕೊರಳಿಗೆ ಹಗ್ಗ ಕಟ್ಟಿ ಎಳೆಸಿದರೆ ಗಂಟಲು ಬಿಗಿದು ಉಸಿರು ಕಟ್ಟುತ್ತದೆ. ಆಡಿಗೆ ಒಪ್ಪುವುದು ಟಾಂಗಾ ಕುದುರೆಯ ಬಗೆಯ ಎದೆಪಟ್ಟಿ. ಅಗಲವಾದ, ಒಳಗೆ ಮೆತ್ತೆ ಹಾಕಿದ ಪಟ್ಟಿ ಗಂಟಲಿಗಿಂತ ಕೆಳಗೆ, ಮುಂಗಾಲಿನ ಭುಜದ ಕೀಲಿಗಿಂತ ಮೇಲೆ ಕೂರಬೇಕು. ಒಂದಿಷ್ಟು ಮೇಲೆ ಹೋದರೆ ಉಸಿರಿಗೆ ಅಡ್ಡಿ, ಕೆಳಗೆ ಬಂದರೆ ನಡಿಗೆಗೆ ಅಡ್ಡಿ. ಬೆನ್ನ ಮೇಲೊಂದು ಸಣ್ಣ ದಿಂಬು, ಗಾಡಿಯ ಮೂಕಿಗಳನ್ನು ಎತ್ತಿ ಹಿಡಿಯಲು. ತೊಡೆಯ ಹಿಂಭಾಗಕ್ಕೊಂದು ಪಟ್ಟಿ, ಇಳಿಜಾರಿನಲ್ಲಿ ಗಾಡಿ ಮುನ್ನುಗ್ಗಿ ಹಿಂಗಾಲಿಗೆ ಬಡಿಯದಂತೆ ತಡೆಯಲು. ಈ ಹಿಂಪಟ್ಟಿಯಿಲ್ಲದ ಗಾಡಿಗೆ ಆಡು ಕಟ್ಟುವುದೇ ತಪ್ಪು; ಒಮ್ಮೆ ಗಾಡಿ ಕಾಲಿಗೆ ಬಡಿದರೆ ಆ ಪ್ರಾಣಿ ಮತ್ತೆ ಮೂಕಿಗಳ ನಡುವೆ ನಿಲ್ಲಲು ಹೆದರುತ್ತದೆ. ಈ ಮೂರೂ ಪಟ್ಟಿಗಳನ್ನು ಹೊಲಿಯಬಲ್ಲ ಚರ್ಮದ ಕುಶಲಕರ್ಮಿಗಳು, ಕ್ಯಾನ್ವಾಸ್ ಹೊಲಿಯುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದಾರೆ. ಅವರ ಮುಂದೆ ಅಳತೆಯ ನಕ್ಷೆಯನ್ನು ಇಟ್ಟವರಿಲ್ಲ.

ಪಳಗಿಸುವ ಕೆಲಸದಲ್ಲಿ ಆಡಿನ ಬುದ್ಧಿಯೇ ನಮ್ಮ ದೊಡ್ಡ ಬಂಡವಾಳ. ಆಡು ಮೊಂಡು ಪ್ರಾಣಿ ಎಂಬ ಮಾತು ಅದನ್ನು ಎಳೆದಾಡಿದವರ ಅನುಭವದಿಂದ ಹುಟ್ಟಿದ್ದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಡುಗಳು ಹಗ್ಗ ಎಳೆದು, ಸನ್ನೆ ಎತ್ತಿ ಹಣ್ಣು ಪಡೆಯುವ ಪೆಟ್ಟಿಗೆಯ ಗುಟ್ಟನ್ನು ಬೇಗ ಕಲಿತವು. ಹತ್ತು ತಿಂಗಳು ಬಿಟ್ಟು ಮತ್ತೆ ಅದೇ ಪೆಟ್ಟಿಗೆ ಇಟ್ಟಾಗಲೂ ಮರೆತಿರಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ, ತಮ್ಮಿಂದ ತೆರೆಯಲಾಗದ ಡಬ್ಬಿ ಎದುರಾದಾಗ ಅವು ಹತ್ತಿರ ನಿಂತ ಮನುಷ್ಯನ ಮುಖ ನೋಡಿ ಸಹಾಯ ಕೇಳುವಂತೆ ವರ್ತಿಸಿದವು. ಮನುಷ್ಯನ ಕಡೆ ನೋಡುವ ಪ್ರಾಣಿಗೆ ಬಾರುಕೋಲು ಬೇಡ. ಒಂದು ಹಿಡಿ ಕಡಲೆ ಹೊಟ್ಟು, ಒಂದು ಮೆಚ್ಚಿನ ಮಾತು ಸಾಕು. ಕ್ರಮ ಹೀಗಿರಬೇಕು: ಮರಿಯಾಗಿದ್ದಾಗಲೇ ಮುಖಕ್ಕೆ ಮೆತ್ತನೆಯ ಹಗ್ಗ ಹಾಕಿ ಜೊತೆಗೆ ನಡೆಯಲು, ನಿಲ್ಲಲು ಕಲಿಸುವುದು, ವರ್ಷದ ಪ್ರಾಯಕ್ಕೆ ಬರಿ ಪಟ್ಟಿಗಳನ್ನು ಕಟ್ಟಿ ಓಡಾಡಿಸುವುದು, ಆಮೇಲೆ ಹಿಂದೆ ಸದ್ದು ಮಾಡುವ ಹಗುರ ಕೊರಡೊಂದನ್ನು ಎಳೆಸಿ ಸದ್ದಿನ ಹೆದರಿಕೆ ಬಿಡಿಸುವುದು, ಕೊನೆಗೆ ಖಾಲಿ ಗಾಡಿ. ಎಲುಬು ಗಟ್ಟಿಯಾಗುವ ಮುಂಚೆ, ಕನಿಷ್ಠ ಎರಡು ವರ್ಷ ತುಂಬುವ ತನಕ, ಪೂರ್ತಿ ಭಾರ ಹಾಕಬಾರದು. ನಮ್ಮ ರೈತರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಎಳೆಯ ಹೋರಿಯನ್ನು ಹಳೆಯ ಎತ್ತಿನ ಜೊತೆ ಹೂಡಿ ನಡಿಗೆ ಕಲಿಸುವ ಪದ್ಧತಿ ಇಲ್ಲಿ ಎಲ್ಲರಿಗೂ ಗೊತ್ತು. ಹಿಂಡಿನಲ್ಲಿ ಬದುಕುವ ಆಡಿಗೂ ಪಳಗಿದ ಜೊತೆಗಾರನೇ ಒಳ್ಳೆಯ ಗುರು.

ಮೊದಲ ಆಕ್ಷೇಪ ದುಡ್ಡಿನದು. ಆಡು ಸಾಕುವುದು ಮಾಂಸಕ್ಕೆ. ವರ್ಷದ ಹೋತ ಸಂತೆಯಲ್ಲಿ ಒಳ್ಳೆಯ ಬೆಲೆಗೆ ಹೋಗುವಾಗ ಎರಡು ವರ್ಷ ಮೇವು ಹಾಕಿ ಗಾಡಿ ಕಲಿಸುವ ಹುಚ್ಚು ಯಾರಿಗೆ ಬೇಕು? ಆಕ್ಷೇಪ ಗಟ್ಟಿಯಾದದ್ದು, ಏಕೆಂದರೆ ಬಡವರ ಮನೆಯಲ್ಲಿ ಆಡು ಅಂದರೆ ಆಪತ್ತಿಗೆ ಇಟ್ಟ ರೊಕ್ಕ. ಆದರೆ ಹಿಂಡಿಗೆ ಹಿಂಡೇ ಗಾಡಿಗೆ ಬರಬೇಕೆಂದು ಯಾರೂ ಹೇಳುತ್ತಿಲ್ಲ. ಹತ್ತು ಆಡುಗಳ ಮನೆಯಲ್ಲಿ ಎರಡು ಹೋತಗಳು ಉಳಿದರೆ ಸಾಕು. ಬೀಜ ಒತ್ತಿಸಿದ ಹೋತ ಹತ್ತು ವರ್ಷ ಬಾಳುತ್ತದೆ. ಎರಡರಿಂದ ಎಂಟು ವರ್ಷದವರೆಗೆ ದುಡಿಯಬಲ್ಲದು. ಆಡು ಮುಟ್ಟದ ಸೊಪ್ಪಿಲ್ಲವಾದ್ದರಿಂದ ಅದರ ಹೊಟ್ಟೆಗೆ ಕೊಂಡು ಹಾಕುವುದು ಕಡಿಮೆ. ಒಳ್ಳೆಯ ಎತ್ತಿನ ಜೋಡಿಗೆ ಲಕ್ಷದ ಮೇಲೆ ಎಣಿಸಬೇಕಾದ ಈ ಕಾಲದಲ್ಲಿ, ಎತ್ತಿನ ಕನಸೂ ಕಾಣಲಾಗದ ಮನೆಗೆ ಇರುವ ಪ್ರಾಣಿಯಿಂದಲೇ ಸಣ್ಣ ಸಾಗಣೆ ಆದರೆ ಅದು ನಷ್ಟದ ಲೆಕ್ಕವಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ತೀರ ಎಳೆಯದರಲ್ಲೇ ಬೀಜ ಒತ್ತಿಸಿ ಕಾಳು ಜಾಸ್ತಿ ತಿನ್ನಿಸಿದ ಹೋತಗಳಿಗೆ ಮೂತ್ರದ ಹಾದಿಯಲ್ಲಿ ಕಲ್ಲು ಕಟ್ಟಿ ಸಾಯುವ ಅಪಾಯವಿದೆ. ದುಡಿಯುವ ಪ್ರಾಣಿ ಎಂದು ಪ್ರೀತಿಯಿಂದ ಕಾಳು ಸುರಿಯುವವರೇ ಅದನ್ನು ಕೊಲ್ಲುತ್ತಾರೆ. ಯಾವ ವಯಸ್ಸಿಗೆ ಒತ್ತಿಸಬೇಕು, ಏನು ತಿನ್ನಿಸಬೇಕು ಎಂಬುದನ್ನು ಪಶುವೈದ್ಯರು ಹೇಳಿಕೊಡದೆ ಈ ಕೆಲಸ ಮುಂದೆ ಹೋಗಕೂಡದು.

ಎರಡನೆಯ ಆಕ್ಷೇಪ ಕ್ರೌರ್ಯದ್ದು. ಇದುವರೆಗೆ ಭಾರದಿಂದ ಬಚಾವಾಗಿದ್ದ ಪ್ರಾಣಿಯನ್ನೂ ಗಾಡಿಗೆ ಕಟ್ಟುವುದೇ ಎಂದು ಪ್ರಾಣಿದಯೆಯುಳ್ಳವರು ಕೇಳುವುದು ನ್ಯಾಯ. ನಾನು ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆ ಯಾವ ಪ್ರಾಣಿಗೂ ಮಿತಿ ಮೀರಿ ಭಾರ ಹಾಕುವುದನ್ನು ಅಪರಾಧ ಎನ್ನುತ್ತದೆ. ಆಡೂ ಅದರ ನೆರಳಿನಲ್ಲಿದೆ. ಆದರೆ 1965ರ ನಿಯಮಗಳ ಭಾರದ ಕೋಷ್ಟಕದಲ್ಲಿ ಆಡಿನ ಸಾಲೇ ಇಲ್ಲ. ಮಿತಿ ಎಷ್ಟೆಂದು ಬರೆದಿಲ್ಲದ ಕಡೆ ಮಿತಿ ಮೀರಿದ್ದನ್ನು ಸಾಬೀತು ಮಾಡುವುದು ಕಷ್ಟ. ಯಾರಾದರೂ ನಾಳೆ ಒಂಟಿ ಆಡಿಗೆ ನೂರು ಕಿಲೋ ಎಳೆಸಿದರೆ ಪೊಲೀಸರು ತೋರಿಸಬಹುದಾದ ಅಂಕಿಯೊಂದೂ ಕೈಯಲ್ಲಿಲ್ಲ. ಗಾಡಿ ಬರುವ ಮುಂಚೆ ಆ ಸಾಲು ಬರಬೇಕು. ಅದೇ ನಿಯಮಗಳ ಉಳಿದ ಮಾತುಗಳನ್ನು ಆಡಿಗೆ ಇನ್ನೂ ಬಿಗಿಯಾಗಿ ಹಚ್ಚಬೇಕು: ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಐದು ತಾಸು ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು, ಮುಳ್ಳುಕೋಲು ಮುಟ್ಟಬಾರದು. ಆಡಿನ ಮಟ್ಟಿಗೆ ಒಂಬತ್ತು ತಾಸಿನ ಮಾತೇ ಬೇಡ. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ಮನೆಗೆಲಸದ ಸಾಗಣೆ ಅದಕ್ಕಿಂತ ಹೆಚ್ಚು ಕೇಳುವುದೂ ಇಲ್ಲ. ಕೊಯ್ಯಲೆಂದೇ ವರ್ಷದೊಳಗೆ ಮಾರಿಹೋಗುತ್ತಿದ್ದ ಹೋತಕ್ಕೆ ದಿನಕ್ಕೆರಡು ತಾಸು ಹಗುರ ದುಡಿಮೆಯ ಎಂಟು ಹತ್ತು ವರ್ಷದ ಬಾಳು ಸಿಗುವುದು ಕ್ರೌರ್ಯದ ಕಡೆಗೆ ಇಟ್ಟ ಹೆಜ್ಜೆ ಎಂದು ನನಗೆ ಅನಿಸುವುದಿಲ್ಲ.

ಇನ್ನು ಮೋಟಾರಿನ ಮಾತು. ಬ್ಯಾಟರಿ ತ್ರಿಚಕ್ರ ವಾಹನಗಳು ಹಳ್ಳಿಗೂ ಬರುತ್ತಿವೆ, ಇನ್ನು ಆಡಿನ ಗಾಡಿ ಯಾಕೆ, ಇದು ಹಿಂದಕ್ಕೆ ನಡೆದಂತೆ ಅಲ್ಲವೆ ಎನ್ನುವವರಿದ್ದಾರೆ. ಮೋಟಾರು ಬರುವ ಕಡೆ ಬರಲಿ, ಅದು ಒಳ್ಳೆಯದೇ. ಆದರೆ ಊರಿಗೊಂದು ತ್ರಿಚಕ್ರ ಬಂದರೂ ಅದು ಬಾಡಿಗೆಗೆ ಓಡುವ ವಾಹನ. ಹಿತ್ತಲ ತಿಪ್ಪೆಯಿಂದ ಹೊಲದ ಬದುವಿಗೆ ಒಂದು ಬುಟ್ಟಿ ಗೊಬ್ಬರಕ್ಕೆ ಅದನ್ನು ಕರೆಯುವವರಿಲ್ಲ. ಎರಡು ಮೂರು ದಶಕಗಳಿಂದ ಟ್ರ್ಯಾಕ್ಟರ್ ಊರೂರಿಗೆ ಬಂದಿದೆ, ತಲೆಹೊರೆ ಇಳಿಯಲಿಲ್ಲ. ಯಂತ್ರ ಬಂದದ್ದು ದೊಡ್ಡ ಭಾರಕ್ಕೆ, ಗಂಡಸರ ಕೆಲಸಕ್ಕೆ. ಸಣ್ಣ ಭಾರ ಹೆಂಗಸರ ಪಾಲಿಗೇ ಉಳಿಯಿತು. ಪ್ರಗತಿಯನ್ನು ನಾನು ಅಳೆಯುವುದು ಎಳೆಯುವವನು ಹೋತವೋ ಮೋಟಾರೋ ಎಂಬುದರಿಂದಲ್ಲ, ಯಾರ ಕುತ್ತಿಗೆ ಹಗುರಾಯಿತು ಎಂಬುದರಿಂದ.

ಆಡಿನ ಗಾಡಿ ಎಲ್ಲಿ ಸಲ್ಲದು ಎಂಬುದನ್ನೂ ಹೇಳಿಬಿಡಬೇಕು. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ನೆಲದಲ್ಲಿ ಮಳೆ ಬಿದ್ದ ಮೇಲೆ ಚಕ್ಕಡಿಯೇ ಹೂತುಕೊಳ್ಳುತ್ತದೆ. ಅಲ್ಲಿ ಮಳೆಗಾಲಕ್ಕೆ ಆಡಿನ ಗಾಡಿ ಹೂಡುವುದು ಪ್ರಾಣಿಗೆ ಮಾಡುವ ಅನ್ಯಾಯ. ಮಳೆಯಲ್ಲಿ ನೆನೆಯುವುದು ಆಡಿಗೆ ಒಗ್ಗುವುದಿಲ್ಲ, ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಧಾರವಾಡ ತಾಲೂಕಿನ ಗಟ್ಟಿ ದಾರಿಗಳಲ್ಲಿ, ಊರೊಳಗಿನ ಕಾಂಕ್ರೀಟು ಓಣಿಗಳಲ್ಲಿ, ಅದೂ ಒಣ ತಿಂಗಳುಗಳಲ್ಲಿ ಅದಕ್ಕೆ ಜಾಗವಿದೆ. ಲಾರಿಗಳು ನುಗ್ಗುವ ಹೆದ್ದಾರಿಯ ಮೇಲೆ ಅದು ಕಾಣಿಸಿಕೊಳ್ಳಲೇಬಾರದು. ಶಾಲೆಗೆ ಹೋಗಬೇಕಾದ ಮಗುವಿನ ಕೈಗೆ ಹಗ್ಗ ಕೊಟ್ಟು ಇದನ್ನು ಹೊಸ ದುಡಿಮೆಯಾಗಿ ಮಾಡುವುದಾದರೆ ಈ ಯೋಚನೆಯನ್ನೇ ಕೈಬಿಡುವುದು ಲೇಸು.

ಕೆಲಸ ಮಾಡಬಲ್ಲವರು ಕೈಗೆಟುಕುವಷ್ಟು ಹತ್ತಿರ ಇದ್ದಾರೆ. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬೇಲೂರಿನಿಂದ ಕೂಗಳತೆಯಲ್ಲಿದೆ ಎನ್ನಬಹುದು. ಪ್ರಾಣಿಶಕ್ತಿಯ ಬಳಕೆಯ ಬಗೆಗಿನ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರವೊಂದು ರಾಯಚೂರಿನಲ್ಲಿ ಎತ್ತುಗಳ ಎಳೆತವನ್ನು ಅಳೆಯುತ್ತ ಬಂದಿದೆ. ಅಳೆಯುವ ಉಪಕರಣವೂ ತಿಳಿವಳಿಕೆಯೂ ಅಲ್ಲಿವೆ. ಅದೇ ಅಳತೆಯನ್ನು ಉಸ್ಮಾನಾಬಾದಿ, ಬೀದರಿ, ನಂದಿದುರ್ಗ ತಳಿಯ ಹೋತಗಳ ಮೇಲೆ ಮಾಡಿ, ನಾಡಿಮಿಡಿತ, ಉಸಿರು, ಮೈಶಾಖ ಎಷ್ಟು ಭಾರಕ್ಕೆ ಎಷ್ಟು ಏರುತ್ತವೆ ಎಂದು ಬರೆದಿಟ್ಟರೆ ನಿಯಮದಲ್ಲಿ ಸೇರಿಸಲು ನಂಬಲರ್ಹ ಅಂಕಿ ಸಿಗುತ್ತದೆ. ಬೇಲೂರಿನ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಿಗೆ ಪೈಪು ಬಗ್ಗಿಸುವುದು, ಬೆಸೆಯುವುದು, ಬೇರಿಂಗ್ ಕೂರಿಸುವುದು ದಿನದ ಕೆಲಸ. ಸೈಕಲ್ ಗಾಲಿ, ಕೊಳವೆ ಚೌಕಟ್ಟು, ಕೈ ಬ್ರೇಕು ಇರುವ 20 ಕಿಲೋದ ಗಾಡಿ ಅವರಿಗೆ ಸವಾಲೇ ಅಲ್ಲ. ಪ್ರತಿ ವರ್ಷ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮೂರು ಲಕ್ಷದ ಯಂತ್ರದ ಪಕ್ಕದಲ್ಲಿ ಈ ಗಾಡಿಯೂ ನಿಲ್ಲಲಿ, ಹೆಂಗಸರು ಬಂದು ತಾವೇ ಹೂಡಿ ನೋಡಲಿ.

ಒಂದು ಅಪಾಯವನ್ನು ಗಾಡಿ ಮಾಡುವವರು ಮೊದಲ ದಿನದಿಂದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎತ್ತಿನ ಗಾಡಿಗೆ ರಬ್ಬರ್ ಟೈರು ಬಂದಾಗ ಎತ್ತಿನ ಹೊರೆ ಇಳಿಯುತ್ತದೆ ಎಂದು ನಿರೀಕ್ಷಿಸಲಾಗಿತ್ತು. ಕಬ್ಬಿನ ಸೀಮೆಯಲ್ಲಿ ಆದದ್ದು ಬೇರೆ. ಟೈರಿನಿಂದ ಉಳಿದ ಶಕ್ತಿಯೆಲ್ಲ ಮತ್ತಷ್ಟು ಕಬ್ಬಾಗಿ ಗಾಡಿಯ ಮೇಲೇರಿತು. ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಬೆಟ್ಟದಂತೆ ಹೇರಿದ ಟೈರ್ ಗಾಡಿಯ ಮುಂದೆ ಎತ್ತುಗಳು ಮಂಡಿಯೂರಿ ಬೀಳುವುದು ಇಂದಿಗೂ ನಿಂತಿಲ್ಲ. ಕಾನೂನಿನಲ್ಲಿ ಅಂಕಿ ಇತ್ತು, ಗಾಡಿಯಲ್ಲಿ ಜಾಗ ಅದಕ್ಕಿಂತ ಹೆಚ್ಚಿತ್ತು. ಜಾಗ ಇದ್ದಲ್ಲಿ ಮನುಷ್ಯ ತುಂಬುತ್ತಾನೆ. ಆದ್ದರಿಂದ ಆಡಿನ ಗಾಡಿಯ ಮಿತಿ ಬರಿ ನಿಯಮದ ಪುಸ್ತಕದಲ್ಲಿ ಇದ್ದರೆ ಸಾಲದು, ಅದರ ತೊಟ್ಟಿಯ ಅಳತೆಯಲ್ಲೇ ಇರಬೇಕು. ಎರಡು ಕೊಡ, ಒಂದು ಹೊರೆ ಹಿಡಿಸುವಷ್ಟೇ ಅಗಲ; ಮೇಲೆ ಪೇರಿಸಲಾಗದಂತೆ ಗಿಡ್ಡ ಅಂಚು; ಮನುಷ್ಯ ಕೂರಲಾಗದ ಆಕಾರ. ಐವತ್ತು ಕಿಲೋ ದಾಟಿದರೆ ಚೌಕಟ್ಟಿನ ಸ್ಪ್ರಿಂಗ್ ತಗ್ಗಿ ಬ್ರೇಕು ಗಾಲಿಗೆ ತಾಗುವಂತೆ ಮಾಡುವುದು ಬಸ್ಸು ಕಟ್ಟುವ ಊರಿನ ಎಂಜಿನಿಯರುಗಳಿಗೆ ಕಷ್ಟದ ಮಾತಲ್ಲ.